ಸತ್ತು ಸತ್ತು ಆಡುವ ಆಟ

ಆಕ್ಷನ್ ಗೇಮ್ ತಯಾರಿಸುವವರು ಜಪಾನಿನವರಿರಲಿ, ಅಮೆರಿಕದವರಿರಲಿ, ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಆಡುವವನು ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಒಬ್ಬನೇ ಕೂತಿರುತ್ತಾನೆ ಅಂತ ಅವರ ನಂಬಿಕೆ. ವಿಜಯಪುರದ ನಮ್ಮ ಮನೆಯಲ್ಲಿ ಟಿ.ವಿ. ಇರುವುದು ಪಡಸಾಲೆಯಲ್ಲಿ. ಪಡಸಾಲೆಯಲ್ಲೇ ಅವ್ವನ ಮಂಚ. ಮಂಚದ ಎದುರಿಗೆ ಓಣಿಯ ಬಾಗಿಲು. ಅದನ್ನು ಮುಚ್ಚುವುದು ರಾತ್ರಿ ಮಲಗುವಾಗ ಮಾತ್ರ. ಹೀಗಾಗಿ ನಾನು ಕತ್ತಿ ಹಿರಿದಾಗಲೆಲ್ಲ ಬೆನ್ನ ಹಿಂದೆ ಕನಿಷ್ಠ ಇಬ್ಬರಾದರೂ ಪಂಚರು ಕೂತಿರುತ್ತಾರೆ.

ಗೇಮ್ ಆಡುವ ಕಂಪ್ಯೂಟರ್ ಮಗನದು. ನೌಕರಿ ಸಿಕ್ಕು ಪುಣೆಗೆ ಹೋಗುವಾಗ, "ಛಲೋ ರೂಮ್ ಸಿಗೂತನಕ ಇಲ್ಲೇ ಇರ್ಲಿ ಪಪ್ಪಾ, ಧೂಳ ಕೂಡದಂಗ ನೋಡ್ಕೋರಿ" ಅಂತ ಹೇಳಿಹೋದ. ನಮ್ಮೂರಿನಲ್ಲಿ ಒಂದು ವಸ್ತುವಿನ ಮೇಲೆ ಧೂಳು ಕೂಡದಂತೆ ನೋಡಿಕೊಳ್ಳಬೇಕೆಂದರೆ ಅದನ್ನು ದಿನಾ ಬಳಸುವುದೊಂದೇ ದಾರಿ. ನನ್ನದು ಬೀಜ-ಗೊಬ್ಬರದ ಅಂಗಡಿ. ಮುಂಗಾರಿ ಬಿತ್ತನೆಯ ಗದ್ದಲ ಇಳಿದರೆ ಸಂಜೆ ಹೊತ್ತು ಕೈಗೆ ಕೆಲಸವಿಲ್ಲ. ಆಡಲು ಕಲಿಸಿದ ಗುರು ತಂಗಿಯ ಮಗ, ಎಂಟನೇ ಇಯತ್ತೆ. "ಮಾಮಾ, ಬಟನ್ ನೋಡಬ್ಯಾಡ್ರಿ, ಅವನ ಭುಜಾ ನೋಡ್ರಿ" ಅನ್ನುವುದು ಅವನ ಮೊದಲ ಪಾಠ. ಗಣಿತದಲ್ಲಿ ಅವನಿಗೆ ಎಷ್ಟು ಅಂಕ ಬರುತ್ತವೆ ಅನ್ನುವುದನ್ನು ಗುರುಭಕ್ತಿಯಿಂದ ನಾನು ಕೇಳಿಲ್ಲ.

ಶುರುವಾದದ್ದು ಬ್ಲ್ಯಾಕ್ ಮಿಥ್: ವುಕಾಂಗ್‌ನಿಂದ. ಚೀನಾದ ಗೇಮ್ ಸೈನ್ಸ್ ಕಂಪನಿ 2024ರ ಆಗಸ್ಟ್‌ನಲ್ಲಿ ಹೊರತಂದ ಆಟ. ಗಾತ್ರ 130 ಜಿಬಿಯ ಆಸುಪಾಸು. ಅದು ಇಳಿದು ಮುಗಿಯುವವರೆಗೆ ಮನೆಯಲ್ಲಿ ಬೇರೆ ಯಾರ ಮೊಬೈಲಿನಲ್ಲೂ ಒಂದು ರೀಲ್ ಓಡಲಿಲ್ಲ. ಅಂದರೆ ಆಟ ತೆರೆಯುವ ಮೊದಲೇ ಮನೆಯಲ್ಲಿ ಒಂದು ಯುದ್ಧ ನಡೆದುಹೋಗಿತ್ತು.

ಕೊನೆಗೂ ತೆರೆಯಿತು. ಮೋಡದ ಮೇಲೆ ಕವಚ ತೊಟ್ಟ ಕೋತಿ, ಕೈಯಲ್ಲಿ ಕೋಲು, ಎದುರಿಗೆ ಸ್ವರ್ಗದ ಸೈನ್ಯ. ಜಪಮಾಲೆ ಎಣಿಸುತ್ತಿದ್ದ ಅವ್ವ ಎದ್ದು ಕುಂತಳು.

"ಅಯ್ಯ, ನಮ್ಮ ಹಣಮಪ್ಪ!"

ಇದು ಹಣಮಪ್ಪ ಅಲ್ಲಬೇ, ಚೀನಾದವರ ಮಂಗ ಅಂದೆ. "ಬಾಲ ಐತಿ, ಗದಾ ಐತಿ, ಮತ್ತ್ಯಾರು?" ಅಂದಳು. ಗದೆಯಲ್ಲ ಕೋಲು ಅನ್ನುವಷ್ಟರಲ್ಲಿ ಕೋತಿರಾಯ ಸೋತು ಕಲ್ಲಾಗಿ ಹೋದ. ಕಥೆಯೇ ಹಾಗಿದೆ, ಮೊದಲ ಕಾಳಗವಾದ ಮೇಲೆ ಆ ಮಹಾವೀರ ಕಲ್ಲಾಗುತ್ತಾನೆ, ಬಹಳ ಕಾಲ ಕಳೆದ ಮೇಲೆ ಇನ್ನೊಂದು ಕೋತಿ ಹೊರಡುತ್ತದೆ, ನಮ್ಮ ಆಟ ಆ ಎರಡನೆಯದರ ಜೊತೆ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಅವ್ವ ಒಪ್ಪಲಿಲ್ಲ. "ಸಾಕ್ಷಾತ್ ಹಣಮಪ್ಪನ್ನ ಕೈಯಾಗ ಕೊಟ್ರ ಕಲ್ಲ ಮಾಡಿ ಕುಂತ್ಯಲ್ಲೋ" ಅಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಶನಿವಾರ ವುಕಾಂಗ್ ಬಂದ್.

ಆಟದಲ್ಲಿ ಅಲ್ಲಲ್ಲಿ ಚಿಕ್ಕ ಗುಡಿಗಳಿವೆ. ಅಲ್ಲಿ ಊದಿನಕಡ್ಡಿ ಹಚ್ಚಿ ವಿಶ್ರಾಂತಿ ತಗೊಂಡರೆ ಕೋತಿಯ ಜೀವ ತುಂಬುತ್ತದೆ, ಸೊಂಟದ ಸೋರೆಬುರುಡೆಯಲ್ಲಿ ಮದ್ದು ತುಂಬುತ್ತದೆ. ಅವ್ವನಿಗೆ ಇದು ಹಿಡಿಸಿತು. ಕೋತಿ ಕೈಮುಗಿದಾಗ ತಾನೂ ಮುಗಿಯುತ್ತಿದ್ದಳು. ಆದರೆ ವಿಶ್ರಾಂತಿ ಮುಗಿದ ಕೂಡಲೇ, ನಾನು ಕಷ್ಟಪಟ್ಟು ಹೊಡೆದುರುಳಿಸಿದ ತೋಳದ ಪಡೆಯೆಲ್ಲ ಎದ್ದು ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತದೆ. ಈ ಬಗೆಯ ಆಟಗಳ ಲೆಕ್ಕಾಚಾರವೇ ಅದು: ನಿನಗೆ ಪುನರ್ಜನ್ಮ ಬೇಕಾದರೆ ಎದುರಾಳಿಗೂ ಕೊಡಬೇಕು. ಅವ್ವ ಕಣ್ಣಗಲಿಸಿ ನೋಡಿ ಕೇಳಿದಳು: "ನಾವು ಕೈ ಮುಗದ್ರ ಅವರೂ ಎದ್ದು ಕುಂದರ್ತಾರಂದ್ರ ಅದೆಂಥಾ ದೇವರೋ?" ದೊಡ್ಡ ದೊಡ್ಡ ವಿಮರ್ಶಕರು ಪುಟಗಟ್ಟಲೆ ಬರೆದರೂ ಈ ಪ್ರಶ್ನೆ ಕೇಳಿದ್ದು ನಾನು ನೋಡಿಲ್ಲ.

ಮೊದಲ ಅಧ್ಯಾಯದಲ್ಲೇ ಕಾಡಿನಲ್ಲಿ ಒಬ್ಬ ದೊಡ್ಡ ತಲೆಯವನು ಅಡ್ಡಾಡುತ್ತಿರುತ್ತಾನೆ. ಅವನನ್ನು ಬಿಟ್ಟು ಮುಂದೆ ಹೋಗಬಹುದು, ಕಡ್ಡಾಯವೇನಿಲ್ಲ. ಆದರೆ ಅವನು ಎದುರಿಗೇ ಅಡ್ಡಾಡುತ್ತಿದ್ದರೆ ಬಿಟ್ಟು ಹೋಗಲು ಮನಸ್ಸು ಬರಬೇಕಲ್ಲ? ಸತ್ತೆ. ಗುಡಿ, ಊದಿನಕಡ್ಡಿ, ಮತ್ತೆ ಸತ್ತೆ. ಅಳಿಯ "ಡಾಡ್ಜ್, ಡಾಡ್ಜ್!" ಅಂತ ಕೂಗುತ್ತಾನೆ, ಕೂಗು ಕಿವಿಗೆ ಬೀಳುವಷ್ಟರಲ್ಲಿ ನಾನು ಸ್ವರ್ಗವಾಸಿ. ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದ ಅವ್ವ ಆಗ ಬಾಯಿ ತೆರೆದಳು: "ಅಂವ ಕೈ ಹಿಂದ ಒಯ್ದ ಅಂದ್ರ ಬಡೀತಾನ. ತಲಿ ಹಿಂದ ಒಯ್ದ ಅಂದ್ರ ಡಿಕ್ಕಿ ಹೊಡೀತಾನ. ಇಷ್ಟು ತಿಳಿವಲ್ದೇನು ನಿನಗ?"

ಆಕ್ಷನ್ ಗೇಮಿನ ಒಳಗುಟ್ಟೆಲ್ಲ ಇಷ್ಟೇ. ಎಂಥಾ ರಾಕ್ಷಸನಾದರೂ ಹೊಡೆಯುವ ಮುಂಚೆ ಮೈಯಲ್ಲೆಲ್ಲೋ ಒಂದು ಸುಳಿವು ಕೊಟ್ಟೇ ಕೊಡುತ್ತಾನೆ. ಕೊಡದಿದ್ದರೆ ಆಟ ಮಾಡಿದವರಿಗೆ ಬೈಗುಳ. ಅದನ್ನು ಓದುವವನು ಗೆಲ್ಲುತ್ತಾನೆ. ಇಡೀ ಆಯುಷ್ಯ ಮನೆಮಂದಿಯ ಮುಖ ಓದಿಕೊಂಡೇ ಬಂದ ಅವ್ವನಿಗೆ ಇದು ಯಾವ ಲೆಕ್ಕ? ಅವಳು ಹಿಂದಿನಿಂದ "ಕೈ... ಕೈ... ತಲಿ!" ಅನ್ನುತ್ತ ಹೋದಳು, ನಾನು ಜಿಗಿಯುತ್ತ ಹೋದೆ. ದೊಡ್ಡ ತಲೆಯವನ ಜೀವ ಒಂದು ಗೆರೆಯಷ್ಟು ಉಳಿದಿತ್ತು. ಕರೆಂಟ್ ಹೋಯಿತು. ನಮ್ಮ ಇನ್ವರ್ಟರ್ ಮೇಲೆ ಫ್ಯಾನು ಮತ್ತು ದೀಪ ಮಾತ್ರ. ಟಿ.ವಿ. ಕಪ್ಪಾಯಿತು.

"ಸತ್ತನೇನು?" ಅವ್ವ ಕೇಳಿದಳು.

"ಯಾರಿಗೊತ್ತಬೇ."

"ಇಷ್ಟ್ ಬಡಿಸ್ಕೊಂಡಾನ, ಒಳಗ ಸತ್ತಿರ್ತಾನ ತಗೋ" ಅಂತ ಮಾಲೆ ಕೈಗೆತ್ತಿಕೊಂಡಳು. ಕರೆಂಟ್ ಬಂದ ಮೇಲೆ ನೋಡಿದರೆ ಜೀವ ಪೂರ್ತಿ ತುಂಬಿಕೊಂಡು ಅಡ್ಡಾಡುತ್ತಿದ್ದ.

ಮನೆಯಾಕೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾಳೆ. ಅವಳಿಗೆ ಆಟಕ್ಕಿಂತ ಅದರ ಮೂಲದ ಮೇಲೆ ಕಣ್ಣು. ಈ ಕೋತಿಯ ಕಥೆ ಚೀನಾದ 16ನೇ ಶತಮಾನದ ಕಾದಂಬರಿಯದು. ಅದರಲ್ಲಿ ಕೋತಿಯ ಕಾವಲಿನಲ್ಲಿ ಹೋಗುವ ಸನ್ಯಾಸಿ ಅಂದರೆ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಹ್ಯುಯೆನ್‌ತ್ಸಾಂಗ್. 7ನೇ ಶತಮಾನದಲ್ಲಿ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದುಹೋದವನು. ಬಾದಾಮಿ ನಮಗೆ ನೆರೆಮನೆ. ಪುಲಿಕೇಶಿಯ ವೀರರು ಕಾಳಗಕ್ಕೆ ಮುಂಚೆ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು ಅಂತ ಅವನು ಬರೆದಿಟ್ಟಿದ್ದಾನೆ. ಆಟದ ಕೋತಿ ಏಟು ಬಿದ್ದಾಗಲೆಲ್ಲ ಬುರುಡೆ ಎತ್ತಿ ಗಟಗಟ ಕುಡಿಯುವುದನ್ನು ನೋಡಿ, "ಗುರುವಿನಿಂದ ಕೇಳಿ ಕಲ್ತಿರಬೇಕು" ಅಂದಳು. ಅಲ್ಲಿಗೆ ಬಿಡಬಹುದಿತ್ತು. "ಸೋತ ಸೇನಾಪತಿಗೆ ಬ್ಯಾರೆ ಶಿಕ್ಷಾ ಇರಲಿಲ್ಲ, ಹೆಣ್ಣಮಕ್ಕಳ ಬಟ್ಟಿ ಉಡಿಸ್ತಿದ್ರು ಅಂತನೂ ಬರದಾನ. ಆ ಲೆಕ್ಕಕ್ಕ ನನ್ನ ಸೀರಿ ನಿಮಗ ಸಾಲಂಗಿಲ್ರಿ" ಅಂತ ಸೇರಿಸಿದಳು. ಅಳಿಯ ನಕ್ಕ ನಗೆ ಓಣಿಯ ತುದಿಗೆ ಕೇಳಿತು.

ಆಮೇಲೆ ಎಲ್ಡನ್ ರಿಂಗ್. 2022ರದು, ಜಪಾನಿನ ಫ್ರಮ್‌ಸಾಫ್ಟ್‌ವೇರ್ ಮಾಡಿದ್ದು, ಹಿದೆತಾಕಾ ಮಿಯಾಝಾಕಿಯ ಕೈಚಳಕ. ಹೊರಗೆ ಕಾಲಿಟ್ಟ ಕೂಡಲೇ ಬಯಲಿನಲ್ಲಿ ಚಿನ್ನದ ಕವಚದ ಕುದುರೆ ಸವಾರ. "ಅವನ ಉಸಾಬರಿಗೆ ಹೋಗಬ್ಯಾಡ್ರಿ ಮಾಮಾ, ಸುತ್ತ ಹಾಕಿ ಹೋಗೂಣು, ಬಲ ಬಂದ ಮ್ಯಾಲ ನೋಡಿದ್ರಾತು" ಅಂದ ಅಳಿಯ. ಆಟ ಅದಕ್ಕೆ ಅವಕಾಶ ಕೊಡುತ್ತದೆ. ಅಷ್ಟರ ಮಟ್ಟಿಗೆ ಮಿಯಾಝಾಕಿ ದಯಾವಂತ. ಆದರೆ ಈ ಆಟಕ್ಕೆ ನಡುವೆ ತಡೆದು ನಿಲ್ಲಿಸುವ ಪಾಝ್ ಬಟನ್ ಇಲ್ಲ. ಮೆನು ತೆರೆದರೂ ದೆವ್ವ ಬರುವುದು ಬರುತ್ತಲೇ ಇರುತ್ತದೆ. ಒಂದು ನಿಮಿಷ ತಡೆಯೋ ಮಾರಾಯ, ಅವ್ವನ ಬಿ.ಪಿ. ಗುಳಿಗಿ ಕೊಟ್ಟು ಬರ್ತೀನಿ ಅನ್ನಲು ಬರುವುದಿಲ್ಲ. ಈ ಆಟ ಮಾಡಿದವರ ಮನೆಯಲ್ಲಿ ಹಾಲಿನವ ಬರುವುದಿಲ್ಲವೇ, ಕುಕ್ಕರ್ ಕೂಗುವುದಿಲ್ಲವೇ, ಹಂಚಿನ ಮೇಲಿನ ರೊಟ್ಟಿ ಆರುವುದಿಲ್ಲವೇ? ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ತಾಟಿಗೆ ಬಿದ್ದ ಮೇಲೆ ಕರೆಯುವ ದನಿ ಎರಡು ಸಲ ಮೆತ್ತಗಿರುತ್ತದೆ. ಮೂರನೇ ಸಲ ಎದ್ದು ಹೋಗದಿದ್ದರೆ ಮುಂದಿನದನ್ನು ಮಿಯಾಝಾಕಿಯೂ ಕಲ್ಪಿಸಿಕೊಳ್ಳಲಾರ.

ಇನ್ನೊಂದು ನಿಯಮವಿದೆ. ಹೊಡೆದಾಡಿ ಗಳಿಸಿದ ರೂನ್‌ಗಳೇ ಅಲ್ಲಿ ರೊಕ್ಕ, ಅವೇ ಬಲ. ಸತ್ತರೆ ಬಿದ್ದಲ್ಲೇ ಆ ಗಂಟು ಉಳಿಯುತ್ತದೆ. ಹೋಗಿ ಎತ್ತಿಕೊಳ್ಳಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತೆವೋ, ಹಿಂದಿನ ಗಂಟೆಲ್ಲ ಮಾಯ. ಅಳಿಯ ಇದನ್ನು ಬಿಡಿಸಿ ಬಿಡಿಸಿ ಹೇಳಿದ. ಹೇಳಬೇಕಿರಲಿಲ್ಲ, ನಮ್ಮ ಅಂಗಡಿಯ ಉದ್ರಿಯೂ ಅದೇ ನಮೂನೆ, ಎಲ್ಲಿ ಬಿದ್ದಿದೆ ಅಂತ ಕಣ್ಣಿಗೆ ಕಾಣುತ್ತದೆ, ಎತ್ತಿಕೊಳ್ಳಲು ಹೋದರೆ ಜೀವ ಹೋಗುತ್ತದೆ.

ಸೆಕಿರೊ ಬಗ್ಗೆ ಬಹಳ ಬರೆಯಲಾರೆ. ಅದೇ ಕಂಪನಿಯ 2019ರ ಆಟ. ಕತ್ತಿಗೆ ಕತ್ತಿ ತಾಗುವ ಖಣ್ ಸದ್ದಿನ ಗತಿ ಹಿಡಿದು ಆಡಬೇಕು. ಬೇಸಿಗೆಯಲ್ಲಿ ನಮ್ಮ ಪಡಸಾಲೆಯ ಕೂಲರ್ ಮಾಡುವ ಸದ್ದಿನಲ್ಲಿ ಖಣ್ ಕೇಳುವುದಿಲ್ಲ. ಕೂಲರ್ ಬಂದ್ ಮಾಡಿದರೆ 40 ಡಿಗ್ರಿಯಲ್ಲಿ ಅಂಗೈ ಬೆವತು ಬಟನ್ ಜಾರುತ್ತದೆ. ಆ ಆಟ ಚಳಿಗಾಲಕ್ಕೆ ಮುಂದೂಡಲಾಗಿದೆ.

ರೆಡ್ ಡೆಡ್ ರಿಡೆಂಪ್ಶನ್ 2 ಮಾತ್ರ ಓಣಿಯನ್ನೇ ಮನೆಯೊಳಗೆ ತಂದಿತು. 1899ರ ಅಮೆರಿಕ, ದರೋಡೆಕೋರ, ಅವನ ಕುದುರೆ. ನಮ್ಮ ಓಣಿಯ ಟಾಂಗಾ ಕಾಕಾ ವರ್ಷಗಟ್ಟಲೆ ಪ್ರವಾಸಿಗರನ್ನು ಸ್ಟೇಶನ್‌ನಿಂದ ಗೋಳಗುಮ್ಮಟ, ಅಲ್ಲಿಂದ ಇಬ್ರಾಹಿಂ ರೋಜಾ ಅಂತ ತಿರುಗಿಸಿದವರು. ಈಗ ಕುದುರೆ ಮಾರಿ ಮನೆಯಲ್ಲಿದ್ದಾರೆ. ಒಂದು ಸಂಜೆ ಬಾಗಿಲಲ್ಲಿ ನಿಂತು ಇಣುಕಿದರು. ಪರದೆಯ ಕುದುರೆ ಆಗಷ್ಟೇ ಬಾಲ ಎತ್ತಿತು.

"ಲದ್ದಿ ಹಾಕ್ತು ನೋಡ್ರಿ ಸಾವ್ಕಾರ್ರ! ಖರೇ ಕುದುರೀನ ಇದು" ಅಂತ ಒಳಗೆ ಬಂದು ಕುಂತರು. ಅವರ ದೃಷ್ಟಿಯಲ್ಲಿ ಆಟ ಅಲ್ಲಿಗೇ ಪಾಸಾಯಿತು.

ಆಮೇಲೆ ನನಗೆ ದರೋಡೆ ಮಾಡಲು ಪುರಸೊತ್ತೇ ಸಿಗಲಿಲ್ಲ. ಆ ಆಟದಲ್ಲಿ ಕುದುರೆಗೆ ಮೇವು ತಿನ್ನಿಸಬಹುದು, ಮೈ ಉಜ್ಜಬಹುದು, ಕುತ್ತಿಗೆ ತಟ್ಟಿ ಸಮಾಧಾನ ಮಾಡಬಹುದು. ಮಾಡಿದಷ್ಟೂ ಅದು ನಮ್ಮ ಮಾತು ಕೇಳುತ್ತದೆ. ಕಾಕಾ ಎಲ್ಲವನ್ನೂ ಮಾಡಿಸಿದರು. ಬೆನ್ನ ಹಿಂದೆ ಶೆರೀಫನ ಮಂದಿ ಗುಂಡು ಹಾರಿಸುತ್ತ ಬರುತ್ತಿದ್ದರೂ, "ಉಸರ ಹತ್ತೈತಿ ನೋಡ್ರಿ ಅದಕ್ಕ, ನಿಂದರಸ್ರಿ, ಒಂಚೂರ ನಡಸ್ರಿ" ಅನ್ನುವರು. ನಿಲ್ಲಿಸಿದರೆ ನಾನು ಸಾಯುವೆ, ನಿಲ್ಲಿಸದಿದ್ದರೆ ಕುದುರೆ ಗಿಡಕ್ಕೆ ಢೀ ಹೊಡೆದು ಇಬ್ಬರೂ ಉರುಳುವೆವು. ಕಾಕಾ ನನ್ನ ಕಡೆ ನೋಡದೆ ಕುದುರೆಯ ಕಾಲು ನೋಡುವರು. ಅದೇ ಆಟದಲ್ಲಿ ಒಬ್ಬರ ಕಡೆ ತಿರುಗಿ ನಮಸ್ಕಾರ ಹೇಳಲು ಒತ್ತುವ ಬಟನ್ನೇ, ಕೈಯಲ್ಲಿ ಪಿಸ್ತೂಲು ಇದ್ದರೆ, ಗುರಿ ಇಡುವ ಬಟನ್. ಅಂಗಡಿಗೆ ಹೋಗಿ ರಾಮರಾಮ ಅನ್ನುವಷ್ಟರಲ್ಲಿ ಗಲ್ಲೆಯವನು ಕೈ ಮೇಲೆತ್ತಿರುತ್ತಾನೆ. ನಾನೂ ಗಲ್ಲೆಯ ಮೇಲೆ ಕೂಡುವವನೇ. ಈ ಬಟನ್ ಇಟ್ಟವನು ಜನ್ಮದಲ್ಲಿ ಅಂಗಡಿ ಇಟ್ಟವನಲ್ಲ.

ಘೋಸ್ಟ್ ಆಫ್ ಸುಶಿಮಾ ಮನೆಯಾಕೆಯ ಪಾಲಿಗೆ ಹೋಯಿತು. 1274ರಲ್ಲಿ ಮಂಗೋಲರು ಜಪಾನಿನ ದ್ವೀಪಕ್ಕೆ ನುಗ್ಗಿದ ಕಥೆ. ಅಲ್ಲಿ ದಾರಿ ತೋರಿಸಲು ಬಾಣದ ಗುರುತಿಲ್ಲ, ಗಾಳಿ ಬೀಸುತ್ತದೆ, ಹುಲ್ಲು ಬಾಗಿದ ಕಡೆ ಹೋಗಬೇಕು. ಇಂಥ ಚಂದದ ಯೋಚನೆ ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ. ನರಿಯ ಹಿಂದೆ ಹೋಗಿ ಅದರ ಮೈ ಸವರಬಹುದು. ಮರದ ಕೆಳಗೆ ಕೂತು ಹೈಕು ಕಟ್ಟಬಹುದು. ಮಂಗೋಲರು ಊರು ಸುಡುತ್ತಿರುವಾಗ ಇವಳು ಸಮುರಾಯಿಯನ್ನು ನರಿಯ ಹಿಂದೆ ಕಳಿಸುತ್ತಾಳೆ, ಬಿಸಿನೀರಿನ ಬುಗ್ಗೆಯಲ್ಲಿ ಕೂಡಿಸುತ್ತಾಳೆ. ಹೈಕು ಬಂದಾಗ ಮಾತ್ರ ಮೇಷ್ಟ್ರಗಿತ್ತಿ ಜಾಗೃತಳಾದಳು: "1274ರಾಗ ಹೈಕು ಎಲ್ಲಿತ್ರೀ? ಅದು ನಾಕುನೂರ ವರ್ಷದ ಮ್ಯಾಲಿನ ಮಾತು." ಪೇಪರ್ ತಿದ್ದುವ ಕೆಂಪು ಪೆನ್ನು ಕೈಯಲ್ಲಿತ್ತು, ಟಿ.ವಿ.ಯ ಗಾಜು ಸ್ವಲ್ಪದರಲ್ಲಿ ಉಳಿಯಿತು.

ಇಷ್ಟೆಲ್ಲ ದೇಶ ತಿರುಗಿದ ಮೇಲೆ ನಮ್ಮೂರಿನ ಮೇಲೆ ಯಾಕೆ ಒಂದು ಆಟ ಇಲ್ಲ ಅನ್ನುವ ಚರ್ಚೆ ಹುಟ್ಟಿತು. 1565ರ ಕಾಳಗ ನಮ್ಮ ತಾಳಿಕೋಟಿಯ ಹೆಸರಿನಲ್ಲೇ ಇದೆ ಅಂದಳು ಮನೆಯಾಕೆ. ಆಯುಧ ಮಲಿಕ್-ಎ-ಮೈದಾನ ತೋಪು ಇರಲಿ ಅಂದೆ ನಾನು. "ಐವತ್ತೈದು ಟನ್ ಐತ್ರಿ ಮಾಮಾ! ಎಲ್ಡನ್ ರಿಂಗ್‌ನ್ಯಾಗ ಕವಚ ಒಜ್ಜಿ ಆದ್ರನ ಪಲ್ಟಿ ಹೊಡಿಯಾಕ ಬರೂದಿಲ್ಲ, ಇದನ್ನ ಹೊತ್ತು ಹೆಂಗ ಓಡ್ತೀರಿ?" ಅಂದ ಅಳಿಯ. ಹಾಗಾದರೆ ಗೋಳಗುಮ್ಮಟದಲ್ಲಿ ಕಳ್ಳಹೆಜ್ಜೆಯ ಆಟ ಆಗಲಿ ಅಂತ ಠರಾವಾಗಿ, ಒಂದು ರವಿವಾರ ಮುಂಜಾನೆ, ಶಾಲೆಯ ಟ್ರಿಪ್ಪಿನ ಮಕ್ಕಳು ಬರುವುದರೊಳಗೆ, ಜಾಗ ನೋಡಲು ಹೋದೆವು.

ಏಳು ಅಂತಸ್ತಿನ ಮೂಲೆಗೋಪುರದ ಮೆಟ್ಟಿಲು ಹತ್ತುವಾಗಲೇ ನನ್ನ ಸ್ಟ್ಯಾಮಿನಾ ಪಟ್ಟಿ ಮುಗಿದಿತ್ತು. ಮೇಲೆ ಪಿಸುಗುಟ್ಟುವ ಗ್ಯಾಲರಿ. ಮಹಮ್ಮದ್ ಆದಿಲ್‌ಶಾಹನ ಆ ಗುಮ್ಮಟದ ಹೊರವ್ಯಾಸ 44 ಮೀಟರ್. ಒಂದು ಬದಿಯ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸದ್ದು ಗೋಡೆಗುಂಟ ಸರಿದು ಎದುರು ಬದಿಗೆ ಸ್ಪಷ್ಟ ಮುಟ್ಟುತ್ತದೆ. ಕಳ್ಳಹೆಜ್ಜೆಗೆ ಜಗತ್ತಿನಲ್ಲಿ ಇದಕ್ಕಿಂತ ಕೆಟ್ಟ ಜಾಗವಿಲ್ಲ ಅಂತ ನಾನು ಹೇಳುತ್ತಿರುವಾಗಲೇ ಅಳಿಯ ಆಚೆ ಬದಿಗೆ ಹೋಗಿ ಗೋಡೆಗೆ ಬಾಯಿ ಹಚ್ಚಿದ. ನನ್ನ ಕಿವಿಯ ಪಕ್ಕದಲ್ಲೇ ಗುಮ್ಮಟ ಮಾತಾಡಿತು: "ಮಾಮಾ ನಿನ್ನೀನೂ ಸತ್ತಾರ... ಎರಡ ಸಲ ಸತ್ತ್ರ ಹಿಂದಿನ ಗಂಟೆಲ್ಲಾ ಮಾಯ..."

ನನ್ನಿಂದ ನಾಲ್ಕು ಮಾರು ದೂರದಲ್ಲಿ, ಬೀಗರನ್ನು ಊರು ತೋರಿಸಲು ಕರೆತಂದಿದ್ದ ಬಸವನ ಬಾಗೇವಾಡಿ ಕಡೆಯ ಗಿರಾಕಿಯೊಬ್ಬ ಗೋಡೆಗೆ ಕಿವಿ ಕೊಟ್ಟು ನಿಂತಿದ್ದ. ಹೋದ ಮುಂಗಾರಿಯ ತೊಗರಿ ಬೀಜ, ಡಿ.ಎ.ಪಿ. ಚೀಲ, ಎಲ್ಲ ಅವನ ಹೆಸರಿಗೆ ಬಾಕಿ. ನನ್ನನ್ನು ನೋಡಿ ಕೈ ಮುಗಿದ, ಏನೂ ಅನ್ನಲಿಲ್ಲ.

ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ಬಂದು ಕುಂತಿದ್ದ.

"ಸಾವ್ಕಾರ್ರ, ಅರಾಮದೀರಿ? ಮತ್ತೇನೂ ಆಗಿಲ್ಲಲ್ಲ?"

"ನನಗೇನಾಗೇತಿ? ಬಾಕಿ ತಂದ್ಯೇನು?"

"ಅದನ್ನ ಕೇಳೂಣು ಅಂತ ಬಂದ್ನಿರಿ" ಅಂದ. "ನೀವು ಮೊದಲೊಮ್ಮಿ ಸತ್ತಿದ್ರಿ, ಮೊನ್ನಿ ಮತ್ತ ಸತ್ತ್ರಿ ಅಂತ ನಿಮ್ಮ ಹುಡುಗನ ಹೇಳಿದ. ಆ ಲೆಕ್ಕಕ್ಕ ನಂದೀಗ ಚುಕ್ತಾ ಆತಲ್ರಿ?"