ಆ 6 ಡಿಗ್ರಿ ಯಾರ ಕಣ್ಣಿಗೆ ಕಾಣುತ್ತೆ?

ಡೆಂಟಲ್ ಕಾಲೇಜಿನ ಬ್ರೋಷರ್ ಅಂದ್ಮೇಲೆ ಸಿಮ್ಯುಲೇಟರ್ (ಹಲ್ಲು ಕೊರೆಯೋದನ್ನ ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡಿಸೋ ಯಂತ್ರ) ಮುಂದೆ ಕೂತ ಹುಡುಗಿಯ ಫೋಟೋ ಇರಲೇಬೇಕು ಅನ್ನೋ ಕಾಲ ಇದು. ಇರಲಿ. ನನ್ನ ಕೇಳಿದ್ರೆ, ಬಿಡಿಎಸ್ (ದಂತವೈದ್ಯ ಪದವಿ) ಎರಡನೇ ವರ್ಷದ ಪ್ರಿಕ್ಲಿನಿಕಲ್ ಲ್ಯಾಬಿಗೆ, ಅಂದ್ರೆ ಪೇಷಂಟ್ ಮುಟ್ಟೋ ಮುಂಚೆ ಕೈ ಪಳಗಿಸೋ ಲ್ಯಾಬಿಗೆ, ಮೊದಲು ಬರಬೇಕಾದ್ದು ಆ ಯಂತ್ರ ಅಲ್ಲ, ಒಂದು ಇಂಟ್ರಾ ಓರಲ್ ಸ್ಕ್ಯಾನರ್, ಅಂದ್ರೆ ಹಲ್ಲಿನ 3ಡಿ ಚಿತ್ರ ತೆಗೆಯೋ ಪುಟ್ಟ ಕ್ಯಾಮೆರಾ.

ಕ್ರೌನ್ (ಹಲ್ಲಿನ ಮೇಲೆ ಹಾಕೋ ಟೋಪಿ) ಕೂರಿಸೋಕೆ ಹಲ್ಲನ್ನ ಸುತ್ತಲೂ ಕೊರೀತೀವಲ್ಲ, ಅದರ ಗೋಡೆಗಳು ಮೇಲಕ್ಕೆ ಹೋದಂತೆ ಚೂರೇ ಚೂರು ಒಳಕ್ಕೆ ವಾಲಬೇಕು. ಎರಡೂ ಕಡೆ ಸೇರಿ ಸುಮಾರು 6 ಡಿಗ್ರಿ ಅಂತ ನಾವೆಲ್ಲ ಬಾಯಿಪಾಠ ಮಾಡಿದವರು. ಜಾಸ್ತಿ ವಾಲಿದ್ರೆ ಕ್ರೌನ್ ಕಳಚಿ ಬರುತ್ತೆ, ಅಂಡರ್‌ಕಟ್ (ಬುಡದ ಕಡೆ ಒಳಕ್ಕೆ ಸರಿದ ಗೋಡೆ) ಉಳಿದ್ರೆ ಕೂರೋದೇ ಇಲ್ಲ. ಅನುಭವಿಗಳ ಕೈಯಲ್ಲೂ ಅದು ಹತ್ತು ದಾಟೋದು ಮಾಮೂಲಿ. ಬರಿಗಣ್ಣಲ್ಲಿ ಅದನ್ನ ಅಳೆಯೋ ಮಹಾನುಭಾವರು ಯಾರೂ ಇಲ್ಲ, ಮಾರ್ಕ್ಸ್ ಕೊಡೋ ನಮ್ಮನ್ನೂ ಸೇರಿಸಿ. ಅದೇ ಹಲ್ಲಿಗೆ ಒಬ್ಬರು ‘ಪರವಾಗಿಲ್ಲ’ ಅಂತಾರೆ, ಇನ್ನೊಬ್ಬರು ‘ರಿಪೀಟ್’. ಕೊನೆಗೆ ಹುಡುಗರು ಕಲಿಯೋದು ಯಾರ ಹತ್ರ ಸಹಿ ಸುಲಭ ಅನ್ನೋದನ್ನ!

ಕೊರೆದ ಹಲ್ಲನ್ನ ಸ್ಕ್ಯಾನ್ ಮಾಡಿ, ಸರಿಯಾಗಿ ಕೊರೆದ ಮಾದರಿಯ ಸ್ಕ್ಯಾನಿನ ಮೇಲೆ ಕೂರಿಸಿ ನೋಡಿದ್ರೆ ಎಲ್ಲಿ ಹೆಚ್ಚು ಕೊರೆದಿದ್ದೀವಿ, ಎಲ್ಲಿ ಕಡಿಮೆ ಅಂತ ಬಣ್ಣದಲ್ಲೇ ಕಾಣುತ್ತೆ. ಬೈಗುಳ ಇಲ್ಲ, ಮುಲಾಜೂ ಇಲ್ಲ.

ಹಾಗಂತ ಆ ಸಿಮ್ಯುಲೇಟರ್‌ಗಳನ್ನ, ಅಂದ್ರೆ ಕೈಗೆ ಸ್ಪರ್ಶದ ಅನುಭವ ಕೊಡೋ ಹ್ಯಾಪ್ಟಿಕ್ ಯಂತ್ರಗಳನ್ನ, ಹಳೀತಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಆಕ್ಟಾ ದಂತವೈದ್ಯ ಶಾಲೆಯ ಜೊತೆ ಸೇರಿ ಮೂಗ್ ಕಂಪನಿ ಮಾಡಿದ ಸಿಮೊಡಾಂಟ್‌ನಲ್ಲಿ ಎನಾಮೆಲ್‌ನ (ಹಲ್ಲಿನ ಹೊರಪದರದ) ಗಟ್ಟಿತನ ಬೇರೆ, ಹುಳುಕಿನ ಮೆದುತನ ಬೇರೆ ಅಂತ ಕೈಗೇ ಗೊತ್ತಾಗುತ್ತೆ. ಮಾಮೂಲಿ ಟೈಪೊಡಾಂಟ್‌ನ (ಅಭ್ಯಾಸದ ಕೃತಕ ದವಡೆಯ) ಪ್ಲಾಸ್ಟಿಕ್ ಹಲ್ಲಲ್ಲಿ ಅದೆಲ್ಲಿ? ಅಭ್ಯಾಸಕ್ಕೆ ಬೇಕಾದ ಕಿತ್ತ ಹಲ್ಲಿಗಾಗಿ ಡಬ್ಬಿ ಹಿಡ್ಕೊಂಡು ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಅಲೆದ ತಲೆಮಾರಿಗೆ ಅದರ ಬೆಲೆ ಗೊತ್ತು. ಆದ್ರೆ ನೂರು ಹುಡುಗರ ಬ್ಯಾಚಿಗೆ ಎರಡು ಯಂತ್ರ ತಂದು, ಇನ್‌ಸ್ಪೆಕ್ಷನ್ ದಿನ ಬಿಟ್ಟು ಮಿಕ್ಕ ದಿನ ಬೀಗ ಹಾಕೋದಾದ್ರೆ ಯಾವ ಪುರುಷಾರ್ಥಕ್ಕೆ?

ಹಾಗಂತ ಮೊದಲ ವರ್ಷದಲ್ಲಿ ಮೇಣದಲ್ಲಿ ಹಲ್ಲು ಕೆತ್ತೋದನ್ನೇ ನಿಲ್ಲಿಸಿ ಅನ್ನೋರ ಜೊತೆ ನಾನಿಲ್ಲ. ಕಡಿಮೆ ಮಾಡಿ, ಸರಿ. ಸ್ಕ್ರೀನ್ ಮೇಲೆ ಹಲ್ಲನ್ನ ಬೇಕಾದಂಗೆ ತಿರುಗಿಸಿ ನೋಡಬಹುದು. ಆದ್ರೆ ಪೇಷಂಟ್ ಬಾಯಲ್ಲಿ ಮೇಲಿನ ದವಡೆ ಹಲ್ಲು ಕಾಣೋದು ಪುಟ್ಟ ಕನ್ನಡಿಯಲ್ಲಿ, ಅದೂ ಹಿಂದುಮುಂದಾಗಿ. ನೀರು ಚಿಮ್ಮುತ್ತಿರುತ್ತೆ, ನಾಲಿಗೆ ಬಂದು ತಳ್ಳುತ್ತಿರುತ್ತೆ. ಹಲ್ಲಿನ ಆಕಾರ ಬೆರಳಿಗೆ ರೂಢಿಯಾದವನಷ್ಟೇ ಅಲ್ಲಿ ಬಚಾವ್.

ಇನ್ನೊಂದು ಮಾತು. ಮಾರ್ಕ್ಸ್ ಕೊಡೋ ಕೆಲಸವನ್ನ ಸ್ಕ್ಯಾನರ್‌ಗೆ ವಹಿಸಿ ನಾವು ಕೈ ತೊಳ್ಕೊಳ್ಳೋದು ಬೇಡ. ತಪ್ಪು ಎಲ್ಲಿ ಅಂತ ಅದು ತೋರಿಸುತ್ತೆ. ಬೆರಳಿನ ಆಸರೆ ಎಲ್ಲಿಟ್ಟಿದ್ದೆ, ಬರ್ (ಕೊರೆಯೋ ಮೊನೆ) ಯಾಕೆ ವಾಲಿತು ಅಂತ ಮೇಷ್ಟ್ರು ಪಕ್ಕ ಕೂತು ನೋಡಬೇಕು.

ಈಗಿನ ಸ್ಟೂಡೆಂಟ್ಸ್ ಹೇಳಿ: ನಿಮ್ಮ ಲ್ಯಾಬಿನ ಸ್ಕ್ಯಾನರ್ ನಿಮ್ಮ ಕೈಗೆ ಸಿಗುತ್ತಾ, ಇಲ್ಲ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ಮಾತ್ರನಾ?