ಮೊದಲು ಪುಸ್ತಕ, ಆಮೇಲೆ ಕೋಟೆ, ಕೊನೆಗೆ ಸಿನಿಮಾ

ಮೆಚ್ಚಿನ ಪುಸ್ತಕ ಯಾವುದು, ಸಿನಿಮಾ ಯಾವುದು, ಮರೆಯಲಾಗದ ಪ್ರವಾಸ ಯಾವುದು, ಇಷ್ಟದ ಬಣ್ಣ ಯಾವುದು ಎಂದು ಕೇಳಿದರೆ ನಾಲ್ಕಕ್ಕೂ ನನ್ನ ಉತ್ತರ ಒಂದೇ ಊರಿನಲ್ಲಿದೆ. ಪುಸ್ತಕ ತರಾಸು ಅವರ ‘ದುರ್ಗಾಸ್ತಮಾನ’. ಸಿನಿಮಾ ಪುಟ್ಟಣ್ಣ ಕಣಗಾಲರ ‘ನಾಗರಹಾವು’. ಪ್ರವಾಸ ಚಿತ್ರದುರ್ಗದ ಕಲ್ಲಿನ ಕೋಟೆ. ಬಣ್ಣ, ಸಂಜೆ ಐದೂವರೆಯ ಹೊತ್ತಿಗೆ ಅದೇ ಕೋಟೆಯ ಬಂಡೆಗೆ ಹತ್ತುವ ಬೆಲ್ಲದ ಬಣ್ಣ.

ಹೆಸರುಗಳೇನೂ ಹೊಸವಲ್ಲ, ದುರ್ಗದಲ್ಲಿ ಮನೆಮನೆಯಲ್ಲೂ ಇದೇ ಹೇಳುತ್ತಾರೆ. ನನ್ನ ತಕರಾರು ಇರುವುದು ಕ್ರಮದ ಬಗ್ಗೆ. ಹೆಚ್ಚಿನವರು ಮೊದಲು ಸಿನಿಮಾ ನೋಡಿರುತ್ತಾರೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಕೋಟೆ ಹತ್ತುತ್ತಾರೆ. ಪುಸ್ತಕ ಯಾವತ್ತಾದರೂ ಓದಿದರಾಯಿತು ಎಂದು ಹಾಗೇ ಉಳಿಯುತ್ತದೆ. ಹೀಗೆ ಬಂದವರು ಹುಡುಕುವುದು ಎರಡೇ ಜಾಗ: ಒನಕೆ ಹಿಡಿದು ಓಬವ್ವ ಹೈದರನ ಸೈನಿಕರನ್ನು ತಡೆದ ಕಿಂಡಿ, ಆಮೇಲೆ ಸಿನಿಮಾದ ನಾಯಕ ರಾಮಾಚಾರಿ ನಿಂತಿದ್ದ ಬಂಡೆ. ಎರಡೂ ಸಿಕ್ಕಿದ ಮೇಲೆ ಒಂದೂವರೆ ಗಂಟೆಯಲ್ಲಿ ಕೆಳಗಿಳಿದು ‘ಬಿಸಿಲು ಜಾಸ್ತಿ, ನೋಡೋಕೆ ಅಂಥದ್ದೇನಿಲ್ಲ’ ಅನ್ನುತ್ತಾರೆ. ಆ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಪುಸ್ತಕದಿಂದ ಶುರು ಮಾಡೋಣ. ‘ದುರ್ಗಾಸ್ತಮಾನ’ ಬಂದದ್ದು 1982ರಲ್ಲಿ. ತರಾಸು 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದರ ಮರುವರ್ಷ. ಅವರು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಆಗ ಅದು ಚಿತ್ರದುರ್ಗ ಜಿಲ್ಲೆ, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ಆ ಕಡೆಗೆ ಹೋಯಿತು. ಹಾಗಾಗಿ ಎರಡೂ ಊರಿನವರು ‘ನಮ್ಮ ತರಾಸು’ ಅನ್ನುವುದರಲ್ಲಿ ತಪ್ಪಿಲ್ಲ. ಕೊನೆಯ ಮದಕರಿನಾಯಕನ ಕಾಲ, ಹೈದರಾಲಿಯ ಮುತ್ತಿಗೆ, 1779ರಲ್ಲಿ ದುರ್ಗ ಬಿದ್ದದ್ದು, ಇದು ಕಾದಂಬರಿಯ ವಸ್ತು. ಕೋಟೆ ಬೀಳುತ್ತದೆ ಎಂಬುದು ಹೆಸರಿನಲ್ಲೇ ಇದೆ. ಅದು ಗೊತ್ತಿದ್ದೂ ಓದಿಸಿಕೊಂಡು ಹೋಗುವುದೇ ಅದರ ಶಕ್ತಿ.

ಓದುವವರು ಕೈಬಿಡುವುದು ಸಾಮಾನ್ಯವಾಗಿ ಮೊದಲ ನೂರು ಪುಟದೊಳಗೆ. ಕಾರಣ ಭಾಷೆಯಲ್ಲ, ಹೆಸರುಗಳು. ನಾಯಕರ ಮನೆತನದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ದಳವಾಯಿಗಳು, ಪ್ರಧಾನಿಗಳು, ಬಾಗಿಲುಗಳು, ಬತೇರಿಗಳು (ಕೋಟೆಯ ಕಾವಲು ಬುರುಜುಗಳು) ಎಲ್ಲ ಒಟ್ಟಿಗೆ ತಲೆಗೆ ಬರುತ್ತವೆ. ಇದಕ್ಕೆ ಒಂದು ಸುಲಭದ ಉಪಾಯವಿದೆ. ಪುಸ್ತಕದಲ್ಲಿ ಒಂದು ಹಾಳೆ ಮಡಚಿಡಿ. ಎಡಕ್ಕೆ ಜನರ ಹೆಸರು ಮತ್ತು ಯಾರ ಕಡೆಯವರು ಎಂಬುದು, ಬಲಕ್ಕೆ ಜಾಗಗಳ ಹೆಸರು. ಜಾಗದ ಹೆಸರು ಬಂದಾಗಲೆಲ್ಲ ಪುಟದ ಸಂಖ್ಯೆ ಹಾಕಿಕೊಳ್ಳಿ. ಈ ಬಲಬದಿಯ ಪಟ್ಟಿಯೇ ಮುಂದೆ ಕೋಟೆ ಹತ್ತುವಾಗ ನಿಮ್ಮ ಗೈಡ್. ದಿನಕ್ಕೆ ಮೂವತ್ತು ಪುಟಕ್ಕಿಂತ ಹೆಚ್ಚು ಬೇಡ. ಇನ್ನೂ ಸಮಯ ಇರುವವರು ಅದಕ್ಕೂ ಮೊದಲು ಅವರದೇ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರನ್ನು ಇದೇ ಕ್ರಮದಲ್ಲಿ ಓದಲಿ. ಕ್ರಮ ತಪ್ಪಿಸಿದರೆ ಅರಮನೆಯ ಪಿತೂರಿಯ ಗಂಟು ಮೊದಲೇ ಬಿಚ್ಚಿಹೋಗುತ್ತದೆ. ಕಾದಂಬರಿಯನ್ನು ಇತಿಹಾಸ ಎಂದು ವಾದಕ್ಕೆ ತರಬೇಡಿ. ಇತಿಹಾಸಕ್ಕೆ ಎಂ.ಎಸ್. ಪುಟ್ಟಣ್ಣನವರ ಪಾಳೆಯಗಾರರ ಪುಸ್ತಕವಿದೆ, ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಜೀವಮಾನವಿಡೀ ಮಾಡಿದ ಕೆಲಸವಿದೆ.

ಈಗ ಕೋಟೆ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಬೆಂಗಳೂರಿನಿಂದ 200. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಜನವರಿವರೆಗೆ ಬನ್ನಿ. ಹೊಂಡಗಳಲ್ಲಿ ನೀರಿರುತ್ತದೆ, ಬಿಸಿಲು ಹಿಡಿತದಲ್ಲಿರುತ್ತದೆ. ಮಾರ್ಚ್ ದಾಟಿದರೆ ಬಂಡೆ ಹನ್ನೊಂದು ಗಂಟೆಗೇ ಕಾಯುತ್ತದೆ, ಸೂರ್ಯ ಮುಳುಗಿದರೂ ಕಾವು ಬಿಡುವುದಿಲ್ಲ. ಗುಡಿಗಳ ಮುಂದೆ ಚಪ್ಪಲಿ ಬಿಟ್ಟು ನಡೆಯಬೇಕಲ್ಲ, ಅಂಗಾಲು ಸುಡುತ್ತದೆ. ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ತಿಂಡಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕೈಯಲ್ಲಿ ಹಿಡಿದು ನಡೆಯಬೇಡಿ, ಕವರ್‌ನ ಸರಬರ ಸದ್ದಿಗೇ ಕೋತಿಗಳು ಬರುತ್ತವೆ. ರಬ್ಬರ್ ಅಡಿಯ ಶೂ ಹಾಕಿ. ಬಂಡೆಯಲ್ಲಿ ಕಡಿದ ಮೆಟ್ಟುಗಳು ಎಷ್ಟೋ ಕಾಲಿನಿಂದ ಸವೆದು ನುಣುಪಾಗಿವೆ, ನಾಲ್ಕು ಹನಿ ಬಿದ್ದರೂ ಸವೆದ ಶೂ ಜಾರುತ್ತದೆ.

ಬಾಗಿಲು ದಾಟುತ್ತಿದ್ದಂತೆ ಮೇಲೆ ಓಡಬೇಡಿ. ಮೊದಲ ಅರ್ಧ ಗಂಟೆ ಬಾಗಿಲುಗಳಿಗೇ ಕೊಡಿ. ಒಂದು ಬಾಗಿಲಿನಿಂದ ಇನ್ನೊಂದು ನೇರವಾಗಿ ಕಾಣುವುದೇ ಇಲ್ಲ. ದಾರಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಬೇಕಾದ ನೇರ ದಾರಿ ಎಲ್ಲೂ ಸಿಗಬಾರದು, ತಿರುವಿನಲ್ಲಿ ಶತ್ರುವಿನ ಪಕ್ಕೆ ಮೇಲಿನವರಿಗೆ ತೆರೆದಿರಬೇಕು, ಅದೇ ಲೆಕ್ಕ. ಅಲ್ಲೇ ಗೋಡೆಯ ಒಂದು ಕಲ್ಲಿನ ಹತ್ತಿರ ಹೋಗಿ ಅದರ ಅಂಚು ನೋಡಿ. ಸಾಲಾಗಿ, ಒಂದೇ ಅಳತೆಯ, ಬೆರಳು ತೂರುವಷ್ಟು ಗುಳಿಗಳ ಅರ್ಧಭಾಗ ಕಾಣುತ್ತದೆ, ಹಲ್ಲಿನ ಸಾಲಿನ ಹಾಗೆ. ಬಂಡೆಯನ್ನು ಸೀಳಿದ ಗುರುತು ಅದು. ಗೆರೆ ಹಿಡಿದು ಗುಳಿ ಕಡಿದು, ಅದರಲ್ಲಿ ಬೆಣೆ ಹೊಡೆದು, ಒಂದೊಂದಕ್ಕೂ ಸರದಿಯ ಮೇಲೆ ಪೆಟ್ಟು ಹಾಕುತ್ತ ಹೋದರೆ ಬಂಡೆ ಆ ಗೆರೆಯಲ್ಲೇ ಬಿರಿಯುತ್ತದೆ. ಉಳಿದರ್ಧ ಗುಳಿ ಇರುವ ತಾಯಿಬಂಡೆ ಎಷ್ಟೋ ಕಡೆ ಪಕ್ಕದಲ್ಲೇ ಇನ್ನೂ ನಿಂತಿದೆ. ಗೋಡೆಗೆ ಕಲ್ಲು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಹತ್ತು ಹೆಜ್ಜೆಯಲ್ಲಿ ಸಿಗುವ ಕೋಟೆ ಇದು. ಇದನ್ನು ತೋರಿಸದೆ ಮುಂದೆ ಕರೆದೊಯ್ಯುವ ಗೈಡ್‌ಗೆ ‘ಅಣ್ಣ, ಸ್ವಲ್ಪ ನಿಲ್ಲಿ’ ಅನ್ನಲು ಸಂಕೋಚ ಬೇಡ.

ಸಿಡಿಮದ್ದು ಅರೆಯುವ ದೊಡ್ಡ ಬೀಸುವ ಕಲ್ಲುಗಳು ಗುಂಡಿಯೊಳಗಿವೆ, ಮೇಲಿನಿಂದ ನೋಡಿದರೆ ಸಾಕು. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳು, ಉಯ್ಯಾಲೆ ಕಂಬ, ದೀಪಸ್ತಂಭ ಇವಿಷ್ಟೂ ಒಂದರ ಹತ್ತಿರ ಒಂದಿವೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಇಲ್ಲಿಗೇ ನಿಲ್ಲಿಸಿ, ನೆರಳಲ್ಲಿ ಕೂರಿಸಿ. ಮುಂದಿನದು ಮೊಣಕಾಲು ಕೇಳುವ ದಾರಿ.

ನನಗೆ ಇಡೀ ಕೋಟೆಯಲ್ಲಿ ಹೆಚ್ಚು ಇಷ್ಟವಾದದ್ದು ನೀರಿನ ದಾರಿ. ದುರ್ಗ ಮಳೆ ಕಡಿಮೆಯ ಸೀಮೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ ತಂಗಿ ಹೊಂಡದ ಕಡೆಗೆ, ಹೀಗೆ ಒಂದರಿಂದ ಒಂದಕ್ಕೆ ಇಳಿದು ಕೊನೆಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ ಸೇರುವ ಏರ್ಪಾಡು. ಬಂಡೆಗೆ ನೀರು ಇಂಗುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. ಆ ದೋಷವನ್ನೇ ಅನುಕೂಲ ಮಾಡಿಕೊಂಡಿದ್ದಾರೆ. ಪುಸ್ತಕ ಓದಿ ಬಂದವರಿಗೆ ಇಲ್ಲಿ ಮುತ್ತಿಗೆ ಎಂದರೇನು ಎಂಬುದು ಅರ್ಥವಾಗುತ್ತದೆ. ಒಳಗೆ ಕಣಜವಿದೆ, ಎಣ್ಣೆ ಕೊಳವಿದೆ, ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿದೆ, ನೀರಿದೆ. ಹೊರಗಿನಿಂದ ಕಾದು ಕೂತು ಹಸಿವಿನಿಂದ ಬಗ್ಗಿಸುವುದು ಸುಲಭವಿರಲಿಲ್ಲ. ಹೊಂಡದ ಮೆಟ್ಟಿಲಲ್ಲಿ ಪಾಚಿ ಇರುತ್ತದೆ, ಕೆಳಗಿಳಿಯಬೇಡಿ.

ಓಬವ್ವನ ಕಿಂಡಿಗೆ ಆದಷ್ಟು ಬೇಗ ಹೋಗಿ. ಹನ್ನೊಂದರ ಮೇಲೆ ಸಾಲು ನಿಲ್ಲುತ್ತದೆ, ಹಿಂದಿನವರ ಗಲಾಟೆಗೆ ಏನೂ ಕಾಣುವುದಿಲ್ಲ. ಬೆನ್ನ ಮೇಲಿನ ಚೀಲ ತೆಗೆದು ಮುಂದೆ ತಳ್ಳಿ, ಆಮೇಲೆ ಬಗ್ಗಿ ನುಸುಳಿ. ಚೀಲ ಹಾಕಿಕೊಂಡೇ ನುಗ್ಗುವವರು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಾರೆ. ಒಳಗೆ ಒಂದು ಗಳಿಗೆ ತಲೆ ತಗ್ಗಿಸಿ ನಿಂತರೆ ಕತೆ ಪೂರ್ತಿ ಮೈಗೆ ತಿಳಿಯುತ್ತದೆ: ಬರುವವನಿಗೆ ಕತ್ತಿ ಎತ್ತಲು ಜಾಗವಿಲ್ಲ, ಮೊದಲು ಹೊರಗೆ ಬರುವುದು ತಲೆಯೇ. ಪಕ್ಕದ ತಣ್ಣೀರು ದೋಣಿ ಎಂಬ ನೀರಿನ ತಾಣವನ್ನು ನೋಡದೆ ಬರಬೇಡಿ. ಗಂಡ ಊಟಕ್ಕೆ ಕೂತಾಗ ಓಬವ್ವ ನೀರಿಗೆ ಬಂದಳು ಎಂದು ಜನ ಹೇಳುವ ಜಾಗ ಅದು.

ಒಟ್ಟು ನಾಲ್ಕು ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ. ನನ್ನನ್ನು ಕೇಳಿದರೆ ಬೆಳಿಗ್ಗೆ ಏಳಕ್ಕೆ ಹತ್ತಿ ಹನ್ನೊಂದಕ್ಕೆ ಇಳಿಯಿರಿ, ಮಧ್ಯಾಹ್ನ ಚಂದ್ರವಳ್ಳಿಗೆ ಹೋಗಿ. ಅಲ್ಲಿ ಕೆರೆ, ನೆಲದೊಳಗಿನ ಅಂಕಲಿ ಮಠ, ಆ ಕೆರೆ ಕಟ್ಟಿಸಿದ್ದನ್ನು ಹೇಳುವ ಕದಂಬ ರಾಜ ಮಯೂರಶರ್ಮನ ಶಾಸನ ಇವೆ. ಮಠದೊಳಗೆ ಹಗಲೂ ಕತ್ತಲೆ, ಟಾರ್ಚ್ ಬೇಕು. ಸಂಜೆಗೆ ಬಣ್ಣ ನೋಡಲು ತಿರುಗಿ ಬಂಡೆಗಳ ಕಡೆ ಬನ್ನಿ.

ಬಣ್ಣದ ವಿಷಯಕ್ಕೆ ಬಂದರೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ದುರ್ಗದ ಕಲ್ಲು ಬೂದು ಎಂದೇ ಎಲ್ಲರ ನೆನಪಿನಲ್ಲಿರುತ್ತದೆ. ಮಧ್ಯಾಹ್ನ ನೋಡಿದವರ ನೆನಪು ಅದು. ಒಡೆದ ಹೊಸ ಮೈಯನ್ನು ಹತ್ತಿರದಿಂದ ನೋಡಿ: ತಿಳಿಗುಲಾಬಿ ಹರಳು, ಗಾಜಿನಂಥ ಬಿಳಿ ಹರಳು, ನಡುವೆ ಕರಿ ಚುಕ್ಕೆ. ಗುಲಾಬಿಯದು ಫೆಲ್ಡ್‌ಸ್ಪಾರ್, ಬಿಳಿಯದು ಸ್ಫಟಿಕ, ಕರಿಯದು ಅಭ್ರಕದ ಜಾತಿ. ಹಳೆಯ ಮೈ ಬೇರೆ. ಕಲ್ಲಿನೊಳಗಿನ ಕಬ್ಬಿಣ ಗಾಳಿ ಮಳೆಗೆ ತುಕ್ಕಾಗಿ ಮೇಲೆ ಕಂದು ಪೊರೆ ಕಟ್ಟಿರುತ್ತದೆ. ಮಳೆನೀರು ಹರಿಯುವ ದಾರಿಯಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆದು ಒಣಗಿ, ಮೇಲಿನಿಂದ ಕೆಳಗೆ ಕಪ್ಪು ಪಟ್ಟೆ ಎಳೆದ ಹಾಗಿರುತ್ತದೆ. ಬೇರೆ ಬೇರೆ ಬಣ್ಣ ಒಂದೇ ಮೈಯಲ್ಲಿರುವುದರಿಂದ ಬೆಳಕು ತಿರುಗಿದ ಹಾಗೆ ಕಲ್ಲೂ ತಿರುಗುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದಾಗ ಮಡಿಕೆ ಅಲುಗಿಸಿದರೆ ಮೂರನೆಯದೊಂದು ಬಣ್ಣ ಮಿಂಚುತ್ತದಲ್ಲ, ಹಾಗೆ. ಬೆಳಿಗ್ಗೆ ರಾಗಿಹಿಟ್ಟು, ಮಧ್ಯಾಹ್ನ ಸುಣ್ಣ, ಸೂರ್ಯ ಮುಳುಗುವ ಮುಂಚಿನ ನಲವತ್ತು ನಿಮಿಷ ಹೊಸ ಬೆಲ್ಲದ ಅಚ್ಚು.

ಇದನ್ನು ಮೊಬೈಲಿನಲ್ಲಿ ಹಿಡಿಯಲು ಹೋಗಿ ಸೋಲುವವರೇ ಹೆಚ್ಚು. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಸಂಜೆಯ ಕೆಂಬೆಳಕನ್ನು ತಪ್ಪು ಎಂದು ತಿಳಿದು ತಿದ್ದಿಬಿಡುತ್ತದೆ, ಬಂಡೆ ಮತ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ ಅನ್ನು 5500 ಕೆಲ್ವಿನ್ ಹತ್ತಿರ ಕಟ್ಟಿಹಾಕಿ. ಬಂಡೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ ಬೆಳಕನ್ನು ಒಂದು ಸ್ವಲ್ಪ, ಮೈನಸ್ 0.7ರಷ್ಟು, ಇಳಿಸಿ. ಎಚ್‌ಡಿಆರ್ ಆಫ್ ಇರಲಿ, ಅದು ನೆರಳನ್ನೆಲ್ಲ ಎತ್ತಿ ಕಲ್ಲನ್ನು ಚಪ್ಪಟೆ ಮಾಡುತ್ತದೆ. ಕಪ್ಪು ಪಟ್ಟೆ ಇರುವ ಒಂದು ಬಂಡೆಯ ಫೋಟೊವನ್ನಂತೂ ತಪ್ಪದೆ ತೆಗೆದಿಟ್ಟುಕೊಳ್ಳಿ, ಸಿನಿಮಾಗೆ ಬೇಕು.

ಈಗ ‘ನಾಗರಹಾವು’. 1972ರ ಚಿತ್ರ. ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದು ಮಾಡಿದರು. ತರಾಸು ಅವರಿಗೆ ಚಿತ್ರ ಸಮಾಧಾನ ತರಲಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾದಂಬರಿಕಾರನ ನೋವು ನನಗೆ ಅರ್ಥವಾಗುತ್ತದೆ, ಆದರೂ ಚಿತ್ರವನ್ನು ಬಿಟ್ಟುಕೊಡಲಾರೆ. ವಿಷ್ಣುವರ್ಧನ್ ಅವರ ಸಿಟ್ಟಿಗೂ ಆ ಬಂಡೆಯ ಕಾವಿಗೂ ಇರುವ ಹೊಂದಾಣಿಕೆ, ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು, ಜಯಂತಿ ಓಬವ್ವನಾಗಿ ಬರುವ ಹಾಡು, ಇವು ಬೇರೆ ಊರಿನಲ್ಲಿ ತೆಗೆದಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ. ಕೋಟೆ ನಡೆದು ಬಂದ ಮೇಲೆ ನೋಡಿದರೆ ರಾಮಾಚಾರಿ ಪ್ರತಿ ಸಲ ಬಂಡೆ ಏರಿದಾಗಲೂ ಆ ಏರಿನ ಕಷ್ಟ ನಿಮ್ಮ ಮೀನಖಂಡಕ್ಕೆ ಗೊತ್ತಿರುತ್ತದೆ. ಮೊದಲೇ ನೋಡಿದವರಿಗೆ ಅದು ಬರೀ ಹಿನ್ನೆಲೆ.

ನೋಡುವಾಗ ಟಿವಿಯನ್ನು ಸರಿಮಾಡಿಕೊಳ್ಳಿ. ಹಳೆಯ ಅಗಲದ ಪ್ರತಿ ಸಿಕ್ಕರೆ ಎರಡು ಪಕ್ಕದ ಕಪ್ಪು ಜಾಗ ಹಾಗೇ ಇರಲಿ, ಪರದೆ ತುಂಬಲಿ ಎಂದು ಎಳೆದರೆ ಬಂಡೆ ಕುಳ್ಳಾಗುತ್ತದೆ, ಮುಖ ಊದುತ್ತದೆ. 2018ರಲ್ಲಿ ಸಿನಿಮಾಸ್ಕೋಪ್‌ಗೆ ಹೊಂದಿಸಿ ಮತ್ತೆ ಬಿಡುಗಡೆ ಮಾಡಿದರು. ದೊಡ್ಡ ಪರದೆಗೆ ಅದು ಹಬ್ಬವೇ ಸರಿ, ಆದರೆ ನಿಂತ ಕಲ್ಲಿನ ಎತ್ತರಕ್ಕೆ ಚೌಕಕ್ಕೆ ಹತ್ತಿರವಿರುವ ಚೌಕಟ್ಟೇ ನನಗೆ ಹಿಡಿಸುತ್ತದೆ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ಕ್ಕೆ ತನ್ನಿ. ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರ ಧಾರಾವಾಹಿಯ ಹಾಗೆ ಜಾರುತ್ತದೆ.

ಇನ್ನೊಂದು ದೊಡ್ಡ ತೊಂದರೆ ಬಣ್ಣದ್ದು. ಆ ಕಾಲದ ಕಲರ್ ಫಿಲ್ಮಿನಲ್ಲಿ ಹಳದಿ, ಮೆಜೆಂಟಾ, ಸಯಾನ್ ಎಂಬ ಮೂರು ಬಣ್ಣದ ಪದರ. ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟ ಪ್ರಿಂಟ್‌ನಲ್ಲಿ ಮೊದಲು ಮಾಸುವುದು ಸಯಾನ್. ಅದು ಹೋದರೆ ಉಳಿದದ್ದೆಲ್ಲ ಕೆಂಪಿಗೆ ವಾಲುತ್ತದೆ. ಅಂಥ ಪ್ರಿಂಟ್‌ನಿಂದ ಮಾಡಿದ ಪ್ರತಿ ನೋಡಿದವರು ದುರ್ಗದ ಬಂಡೆ ಕೆಂಪು ಎಂದು ನಂಬಿ ಬಂದು, ಬೂದು ಕಂಡು ಬೇಸರಪಡುತ್ತಾರೆ. ಕ್ರಮ ಬದಲಿಸಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಬೆಟ್ಟದ ದೃಶ್ಯ ಬಂದಾಗ ಚಿತ್ರ ನಿಲ್ಲಿಸಿ, ನೀವು ತೆಗೆದ ಆ ಫೋಟೊವನ್ನು ಪಕ್ಕಕ್ಕೆ ಹಿಡಿಯಿರಿ. ಬಂಡೆಯ ಕಪ್ಪು ಪಟ್ಟೆ ಪರದೆಯ ಮೇಲೆ ಕೆಂಗಂದಾಗಿ ಕಂಡರೆ ಟಿವಿಯ ವೈಟ್ ಬ್ಯಾಲೆನ್ಸ್ ಸೆಟ್ಟಿಂಗ್‌ನಲ್ಲಿ ಕೆಂಪನ್ನು ಒಂದೊಂದೇ ಅಂಕಿ ಇಳಿಸುತ್ತ ಬನ್ನಿ. ಪಟ್ಟೆ ಕಪ್ಪಾದ ಕಡೆ ನಿಲ್ಲಿಸಿ, ಚಿತ್ರ ಮತ್ತೆ ಮೊದಲಿನಿಂದ ಹಾಕಿ.