ಈಗ ತಾನೆ ಹೋಯಿತು

ಚಹಾದ ಕಪ್ಪು ಹಿಡಿದುಕೊಂಡು ನಾನು ಮಾಳಿಗೆ ಹತ್ತುವುದಕ್ಕೂ ಎದುರು ಮನೆಯ ವೈನಿ ‘ಅಯ್ಯೋ, ಈಗ ತಾನೆ ಹೋಯಿತಲ್ಲ!’ ಎನ್ನುವುದಕ್ಕೂ ಸರಿಹೋಯಿತು. ನಮ್ಮ ನೀರಿನ ಟ್ಯಾಂಕಿನ ಮೇಲೆ ಗಂಡು ನವಿಲೊಂದು ಕಾಲು ಗಂಟೆ ಕುಳಿತಿತ್ತಂತೆ. ಟ್ಯಾಂಕು ನಮ್ಮದು. ಅದಕ್ಕೆ ದುಡ್ಡು ಕೊಟ್ಟವನು ನಾನು, ವರ್ಷಕ್ಕೊಮ್ಮೆ ಒಳಗಿಳಿದು ಪಾಚಿ ಉಜ್ಜುವವನು ನಾನು. ನವಿಲನ್ನು ನೋಡಿದವರು ಮಾತ್ರ ವೈನಿ, ಅವರ ಸೊಸೆ, ಹಾಲಿನ ಹುಡುಗ ಮತ್ತು ಮೂಲೆಯಲ್ಲಿ ಇಸ್ತ್ರಿ ಮಾಡುವವನು. ‘ನಿಮ್ಮನ್ನು ಕೂಗಬೇಕು ಅಂದುಕೊಂಡೆ. ಕೂಗಿದರೆ ಹಾರಿ ಹೋದೀತು ಎಂದು ಸುಮ್ಮನಾದೆ’ ಎಂದರು ವೈನಿ. ಮಾತು ಸರಿಯಾಗಿಯೇ ಇತ್ತು. ಸಿಟ್ಟು ಹೆಚ್ಚಾದದ್ದೂ ಅದಕ್ಕೇ.

ವೈನಿ ಏನನ್ನೂ ಹುಡುಕಿಕೊಂಡು ಹೋಗುವವರಲ್ಲ. ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿರುತ್ತಾರೆ, ಗಟಾರದಿಂದ ಉಡ ಎದ್ದು ಬರುತ್ತದೆ. ಕುಕ್ಕರಿನ ಸೀಟಿ ಎಣಿಸುತ್ತಿರುತ್ತಾರೆ, ಕಿಟಕಿಯ ಸರಳಿನಾಚೆ ಮುಂಗುಸಿ ತನ್ನ ಮರಿಗಳ ಮೆರವಣಿಗೆ ಹೊರಡಿಸುತ್ತದೆ. ಬಚ್ಚಲಿಗೆ ಹೋದರೆ ಹಂಡೆಯ ಹಿಂದೆ ಕೆರೆಹಾವು. ಇದನ್ನೆಲ್ಲ ಅವರು ಗ್ಯಾಸ್ ಸಿಲಿಂಡರ್ ಬಂದ ಸುದ್ದಿ ಹೇಳುವ ದನಿಯಲ್ಲೇ ಹೇಳುತ್ತಾರೆ. ನನ್ನ ಬಳಿ ದುರ್ಬೀನು ಇದೆ, ಹಕ್ಕಿಗಳ ಪುಸ್ತಕ ಇದೆ, ನಿವೃತ್ತನಾದ ಮೇಲೆ ಹೊತ್ತಿಗೇನೂ ಕೊರತೆಯಿಲ್ಲ. ಬಸ್ಸು ಹಿಡಿದು ಟಿಳಕವಾಡಿಗೆ ಹೋಗಿ, ವ್ಯಾಕ್ಸಿನ್ ಡಿಪೊದ ಮರಗಳ ಕೆಳಗೆ ಕತ್ತು ನೋಯುವವರೆಗೆ ನಿಂತು ಬಂದರೂ ನನ್ನ ಲೆಕ್ಕಕ್ಕೆ ಸಿಗುವುದು ಕಾಗೆ, ಗೊರವಂಕ, ಮತ್ತೆ ಕಾಗೆ. ಅಲ್ಲಿ ನಿತ್ಯ ವಾಕಿಂಗ್ ಮಾಡುವ ಒಬ್ಬ ಗೃಹಸ್ಥರು ನನ್ನ ಕೊರಳಿನ ದುರ್ಬೀನನ್ನು ಕಂಡಾಗಲೆಲ್ಲ ‘ಇವತ್ತು ತಡವಾಯಿತಲ್ಲ ನಿಮಗೆ’ ಎನ್ನುತ್ತಾರೆ. ನಾನು ಎಷ್ಟು ಗಂಟೆಗೆ ಹೋದರೂ ಅವರಿಗೆ ಅದು ತಡವೇ.

ಚಿರತೆಯ ವಿಷಯವನ್ನಂತೂ ಕೇಳಲೇಬೇಡಿ. ಕೇಳದಿದ್ದರೂ ಹೇಳುತ್ತೇನೆ.

2022ರ ಆಗಸ್ಟ್. ಬೆಳಗಾವಿಯ ಜಾಧವ ನಗರದಲ್ಲಿ ಕಟ್ಟಡ ಕೆಲಸದವನೊಬ್ಬನ ಮೇಲೆ ಎರಗಿದ ಚಿರತೆ ಅಲ್ಲಿಂದ ಓಡಿ ಗಾಲ್ಫ್ ಮೈದಾನ ಹೊಕ್ಕಿತು. ಸುಮಾರು 250 ಎಕರೆ ಜಾಗ, ಒಳಗೆಲ್ಲ ಮರ, ಪೊದೆ, ಹುಲ್ಲು, ಹೊರಗೆಲ್ಲ ನಾವು. ಬೆಳಗಾವಿಯ ಆಗಸ್ಟ್ ಗೊತ್ತಲ್ಲ, ಹಾಕಿದ ಬಟ್ಟೆ ವಾರವಾದರೂ ಒಣಗದ ಜಿಟಿಜಿಟಿ ಮಳೆ. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು. ಬೋನು ಇಟ್ಟರು, ಮರಮರಕ್ಕೆ ಕ್ಯಾಮೆರಾ ಕಟ್ಟಿದರು, ಡ್ರೋನ್ ಹಾರಿಸಿದರು, ಅರಿವಳಿಕೆಯ ಕೋವಿ ಹಿಡಿದವರು ಬಂದರು, ಮುಧೋಳ ನಾಯಿಗಳು ಬಂದವು. ಕೊನೆಗೆ ಶಿವಮೊಗ್ಗದ ಸಕ್ರೆಬೈಲು ಬಿಡಾರದಿಂದ ಎರಡು ಆನೆಗಳು ಬಂದವು. ಒಂದು ತಿಂಗಳ ಹತ್ತಿರ ಇಷ್ಟೆಲ್ಲ ನಡೆದರೂ ಚಿರತೆ ಸಿಗಲಿಲ್ಲ.

ಆ ಮೈದಾನದ ಬೇಲಿಗೂ ನಮ್ಮ ಮನೆಗೂ ಕೂಗಳತೆಯ ದೂರ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ದುರ್ಬೀನು ಹಿಡಿದು ನಾನು ಮಾಳಿಗೆಯ ಮೇಲೆ ನಿಂತಷ್ಟು ಹೊತ್ತು ಅರಣ್ಯ ಇಲಾಖೆಯವರೂ ನಿಂತಿರಲಾರರು. ಕಂಡದ್ದು ಮಳೆ. ನಮ್ಮ ಓಣಿಯಲ್ಲಿ ಮಾತ್ರ ಅದನ್ನು ಕಾಣದವರೇ ಇರಲಿಲ್ಲ. ಹಾಲಿನ ಹುಡುಗನಿಗೆ ಬಾಲ ಕಂಡಿತ್ತು. ಪೇಪರ್ ಹಾಕುವವನಿಗೆ ಕಣ್ಣು ಕಂಡಿದ್ದವು. ಕೊನೆಯ ಮನೆಯ ಕಾಕಾ, ಪೊರೆ ಬಂದು ಮೊಮ್ಮಗನಿಗೂ ಅಂಚೆಯವನಿಗೂ ವ್ಯತ್ಯಾಸ ತಿಳಿಯದ ಸ್ಥಿತಿಯಲ್ಲಿದ್ದವರು, ರಾತ್ರಿ ಹನ್ನೊಂದಕ್ಕೆ ಅದು ಗೋಡೆ ಜಿಗಿಯುವುದನ್ನು ನೋಡಿದರು. ಗಂಡೋ ಹೆಣ್ಣೋ ಎಂಬುದನ್ನೂ ಹೇಳಿದರು.

‘ಚಿರತೆ ಇದೆ, ಯಾರೂ ಹೊರಗೆ ಬರಬೇಡಿ’ ಎಂದು ಧ್ವನಿವರ್ಧಕದಲ್ಲಿ ಕೂಗಿಕೊಂಡು ಜೀಪು ಬಂದರೆ, ‘ಎಲ್ಲಿದೆ?’ ಎಂದು ಕೇಳುವುದಕ್ಕೆ ಜನ ಹೊರಗೆ ಬರುತ್ತಿದ್ದರು. ಆನೆಗಳು ಬಂದ ದಿನವಂತೂ ಜಾತ್ರೆ. ನಾನೂ ಹೋದೆ. ಚಿರತೆ ಸಣ್ಣದು, ಅಡಗುವುದು ಅದರ ಧರ್ಮ, ಕಾಣದಿದ್ದರೆ ಅರ್ಥವಿದೆ. ನನಗೆ ಆನೆಯೂ ಕಾಣಲಿಲ್ಲ. ಮುಂದೆ ನಿಂತಿದ್ದವನ ಕೊಡೆ ಕಂಡಿತು, ಕರಿ ಬಟ್ಟೆ, ಮುರಿದ ಒಂದು ಕಡ್ಡಿ. ‘ಸ್ವಲ್ಪ ಮಡಚಪ್ಪಾ’ ಎಂದದ್ದಕ್ಕೆ ‘ಮಳೆ ಇದೆಯಲ್ಲ, ಅಜ್ಜಾ’ ಎಂದ. ಅಜ್ಜಾ ಎಂದದ್ದು ಆನೆ ಕಾಣದಿದ್ದುದಕ್ಕಿಂತ ಹೆಚ್ಚು ನೋಯಿಸಿತು.

ಇನ್ನು ರಜೆ ಸಿಕ್ಕ ಮಕ್ಕಳು. ಓಣಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಚಿರತೆಯ ಆಟ ಹೂಡಿದರು. ಚಿರತೆಯಾಗುವುದಕ್ಕೆ ಎಲ್ಲರೂ ಮುಂದು, ಆನೆಯಾಗುವುದಕ್ಕೂ ಇಬ್ಬರು ಮೂವರು ಸಿದ್ಧ, ಬೋನು ಹೊರುವ ಗಾರ್ಡ್ ಆಗುವುದಕ್ಕೆ ಯಾರೂ ಇಲ್ಲ. ಒಂದು ಸಂಜೆ ಚಿರತೆಯ ಸರದಿ ಬಂದ ಹುಡುಗ ಎಲ್ಲಿ ಅಡಗಿದನೋ ಸಿಗಲಿಲ್ಲ. ಉಳಿದವರು ಸ್ವಲ್ಪ ಹುಡುಕಿ, ಬೇಸತ್ತು, ಚುರುಮರಿ ತಿಂದು ತಮ್ಮ ತಮ್ಮ ಮನೆಗೆ ಹೋದರು. ದೀಪ ಹಚ್ಚುವ ಹೊತ್ತಿಗೆ ಅವನ ತಾಯಿ ಓಣಿಯಲ್ಲಿ ಕೂಗತೊಡಗಿದಳು. ‘ಹುಡುಗ ಕಾಣುತ್ತಿಲ್ಲ’ ಎಂಬ ಮಾತು ನಮ್ಮ ಮನೆಯಿಂದ ಹೊರಟದ್ದು, ನಾಲ್ಕನೆಯ ಮನೆ ತಲುಪುವಷ್ಟರಲ್ಲಿ ‘ಚಿರತೆ ಹುಡುಗನನ್ನು ಹೊತ್ತೊಯ್ದಿತು’ ಎಂದಾಗಿತ್ತು. ಆರನೆಯ ಮನೆಯಲ್ಲಿ ಹೊತ್ತೊಯ್ಯುವುದನ್ನು ನೋಡಿದವರೇ ಇದ್ದರು. ಬ್ಯಾಟರಿ ಹಿಡಿದ ಇಬ್ಬರು ಪೊಲೀಸರು ಬಂದರು. ಕೊನೆಯ ಮನೆಯ ಕಾಕಾ ಅವರಿಗೆ ದಿಕ್ಕು ತೋರಿಸಿದರು. ಗದ್ದಲದ ನಡುವೆ ಚಪ್ಪಲಿ ಹುಡುಕಲು ನಾನು ಮೆಟ್ಟಿಲ ಕೆಳಗಿನ ಸಂದಿಗೆ ಬಗ್ಗಿದರೆ, ಗೋಣಿಚೀಲಗಳ ಹಿಂದೆ ಹುಡುಗ ಬಾಯಿ ತೆರೆದು ಮಲಗಿದ್ದ. ಮುಖದ ಮೇಲೆ ಕಾಡಿಗೆಯ ಚುಕ್ಕೆ. ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಪೊಲೀಸರನ್ನು ನೋಡಿ, ‘ಸಿಕ್ಕಿತೇ?’ ಎಂದು ಕೇಳಿದ. ಆ ತಿಂಗಳಲ್ಲಿ ನನಗೆ ದಕ್ಕಿದ ಚಿರತೆ ಅದೊಂದೇ.

ವೈನಿಯ ಚಿರತೆ ಇನ್ನೂ ಬೆಳೆಯುತ್ತಿದೆ. ಮೊದಲ ದಿನ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: ‘ಗೋಡೆಯ ಹತ್ತಿರ ಏನೋ ಹಳದಿ ಸರಿದ ಹಾಗಾಯಿತು.’ ಗಣೇಶ ಚೌತಿಯ ಹೊತ್ತಿಗೆ ಅದಕ್ಕೆ ಚುಕ್ಕೆಗಳು ಬಂದವು. ದಸರೆಗೆ ಗೋಡೆಯ ಮೇಲೆ ಕುಳಿತಿತು. ದೀಪಾವಳಿಗೆ ಇವರ ಮುಖ ನೋಡಿತು. ಈಗ ಅವರು ಮೊಮ್ಮಗಳಿಗೆ ಹೇಳುವ ಕಥೆಯಲ್ಲಿ, ಕೈಯಲ್ಲಿ ತುಳಸಿಗೆ ಹಾಕುವ ನೀರಿನ ತಂಬಿಗೆ ಹಿಡಿದು ‘ಹೋಗಪ್ಪಾ, ನಿನ್ನ ದಾರಿ ನೀನು ಹಿಡಿ’ ಎಂದರಂತೆ, ಅದು ತಲೆ ತಗ್ಗಿಸಿ ಹೋಯಿತಂತೆ. ಎರಡು ಆನೆಗಳಿಂದ ಆಗದ ಕೆಲಸ ತಂಬಿಗೆಯಿಂದ ಆಯಿತು.

ಆ ಗಲಾಟೆಯೆಲ್ಲ ತಣ್ಣಗಾದ ಮೇಲೆ ಊರಿನಲ್ಲಿ ಇನ್ನೊಂದು ಜಾತಿಯವರು ಎದ್ದರು. ‘ಪ್ರಾಣಿಗಳು ನಮ್ಮ ಜಾಗಕ್ಕೆ ಬಂದಿಲ್ಲ, ನಾವು ಅವುಗಳ ಜಾಗಕ್ಕೆ ಹೋಗಿದ್ದೇವೆ’ ಎಂದು ಯಾವ ಸಭೆಯಲ್ಲಿ ನೋಡಿದರೂ ಒಬ್ಬರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಸುಳ್ಳೇನಲ್ಲ. ಆದರೆ ನಾನು ಕೇಳಿದ ಒಬ್ಬ ಭಾಷಣಕಾರರು ಅದೇ ವಾರ ಗುಡ್ಡ ಕೊರೆದು ಮಾಡಿದ ಬಡಾವಣೆಯೊಂದರಲ್ಲಿ ಮೂಲೆಯ ನಿವೇಶನಕ್ಕೆ ಮುಂಗಡ ಕೊಟ್ಟಿದ್ದರು. ನನಗೂ ಒಂದು ಕೊಡಿಸುವುದಾಗಿ ಹೇಳಿದರು.

ಅವರನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಕೈಗೆ ಸಿಕ್ಕ ಜೀವಿಯನ್ನು ಸುತ್ತುಗಟ್ಟುವ ಮಂದಿಯನ್ನು. ಕಟ್ಟುತ್ತಿದ್ದ ಮನೆಯೊಂದರ ಸಜ್ಜದಿಂದ ಕಣಜಗೂಬೆಯ ಮರಿ ಕೆಳಗೆ ಬಿದ್ದಿತ್ತು. ಒಬ್ಬ ಅಪಶಕುನವೆಂದು ಕಲ್ಲೆತ್ತಿಕೊಂಡ. ಇನ್ನೊಬ್ಬರು ಲಕ್ಷ್ಮಿಯ ವಾಹನವೆಂದು ಅರಿಸಿನ ಕುಂಕುಮ ತಂದರು. ಉಳಿದವರು ಮೊಬೈಲ್ ಹಿಡಿದರು. ಈ ಮೂರರಲ್ಲಿ ಯಾವುದರಿಂದಲೂ ಗೂಬೆಗೆ ಸುಖವಿಲ್ಲ. ಪ್ರತಿ ರಾತ್ರಿ ಇಲಿ ಹಿಡಿದು ಓಣಿಯನ್ನು ಕಾಯುವ ಹಕ್ಕಿ ಅದು. ನಮ್ಮ ಜಿಲ್ಲೆಯದೇ ಇನ್ನೊಂದು ಮಾತು: ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೆಡೆ ಎಂಬ ಗುಹೆಯಿದೆ. ಅಲ್ಲಿರುವ ದೊಡ್ಡ ಕಿವಿಯ ಬಾವಲಿಗೆ 1913ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು. ಜಗತ್ತಿನಲ್ಲಿ ಅದಕ್ಕೆ ಇರುವುದು ಅದೊಂದೇ ಮನೆ ಎಂದು ಬಹಳ ಕಾಲ ತಿಳಿದಿದ್ದರು. ಅಂಥ ಜಿಲ್ಲೆಯಲ್ಲಿ ಮನೆಯೊಳಗೆ ಬಾವಲಿ ಬಂದರೆ ನಾವು ಹುಡುಕುವುದು ಬ್ಯಾಡ್ಮಿಂಟನ್ ಬ್ಯಾಟನ್ನು.

ನನಗೆ ಏನೂ ಕಂಡೇ ಇಲ್ಲವೆಂದಲ್ಲ. ಮಿರಗದ ಮಳೆ ಹಿಡಿದ ಬೆಳಿಗ್ಗೆ, ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ, ಬೋರಲು ಹಾಕಿದ ಬಕೆಟ್ಟಿನ ಮರೆಯಲ್ಲಿ ಒಂದು ನವರಂಗ ಕುಳಿತಿತ್ತು. ಗೊರವಂಕದಷ್ಟೇ ಗಾತ್ರ. ಬೆನ್ನು ಹಸಿರು, ಎದೆ ಹೊಟ್ಟೆ ಕೆನೆಬಣ್ಣ, ಬಾಲದ ಬುಡದಲ್ಲಿ ಕುಂಕುಮಗೆಂಪು, ಕಣ್ಣಿಗೆ ಅಡ್ಡಲಾಗಿ ಕರಿ ಪಟ್ಟಿ, ರೆಕ್ಕೆ ಅಲುಗಿದಾಗ ಹೊಳೆಯುವ ನೀಲಿ. ಬಾಲ ಮಾತ್ರ ದರ್ಜಿಯವನು ಬಟ್ಟೆ ಸಾಲದೆ ಅರ್ಧಕ್ಕೇ ನಿಲ್ಲಿಸಿದಂತೆ ಮೋಟು. ಮಳೆಯ ಗಾಳಿಯೊಂದಿಗೆ ದೂರದಿಂದ ವಲಸೆ ಬರುವ ಹಕ್ಕಿ ಇದು. ದಣಿದು, ದಾರಿ ತಪ್ಪಿ ಹೀಗೆ ಮನೆಗಳ ಹಿತ್ತಲಿಗೆ ಇಳಿಯುವುದುಂಟು. ಎರಡು ಸಲ ಕುಪ್ಪಳಿಸಿತು, ನಿಂತಿತು, ಮೋಟು ಬಾಲವನ್ನು ಮೇಲೆ ಕೆಳಗೆ ಆಡಿಸಿತು. ನಲ್ಲಿಯ ಕೆಳಗಿನ ಕೊಳೆತ ಎಲೆಯನ್ನು ಕೊಕ್ಕಿನಿಂದ ಪಕ್ಕಕ್ಕೆ ಎಸೆದು, ಎರೆಹುಳುವಿನ ತುದಿ ಹಿಡಿದು ಜಗ್ಗಿತು. ಹುಳು ಅರ್ಧ ಬಂತು. ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಜಗ್ಗಿತು. ಪೂರ್ತಿ ಬಂದಿತು. ಅಷ್ಟರಲ್ಲಿ ವೈನಿಯ ಮನೆಯ ಕುಕ್ಕರ್ ಕೂಗಿತು, ಹಕ್ಕಿ ನೆಲಕ್ಕೆ ತಾಗಿಯೇ ಹಾರಿ ಗೋಡೆ ದಾಟಿತು.

ಓಣಿಗೆಲ್ಲ ಹೇಳಿದೆ. ‘ಕಿಂಗ್‌ಫಿಷರ್ ಇರಬೇಕು ಬಿಡಿ’ ಎಂದರು ಕಾಕಾ. ನೀಲಿ ಕಂಡರೆ ಸಾಕು, ನಮ್ಮ ಜನಕ್ಕೆ ಎಲ್ಲವೂ ಕಿಂಗ್‌ಫಿಷರ್. ಇಸ್ತ್ರಿಯವನು ‘ಫೋಟೊ ತೆಗೆದಿರಾ?’ ಎಂದ. ಮೊಬೈಲ್ ಒಳಗೆ ಚಾರ್ಜಿಗೆ ಹಾಕಿತ್ತು ಎಂದೆ. ಅವನು ಏನೂ ಅನ್ನಲಿಲ್ಲ, ಅಂಗಿಯ ಕಾಲರ್ ತಿರುಗಿಸಿ ಇಸ್ತ್ರಿ ಒತ್ತಿದ. ವೈನಿಯ ಚಿರತೆಗೆ ಫೋಟೊ ಕೇಳಿದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ನನ್ನ ಹೆಂಡತಿಯಂತೂ, ಒಗೆಯುವ ಕಲ್ಲಿನ ಪಕ್ಕದ ಹಕ್ಕಿ ಕಂಡವರಿಗೆ ಕಲ್ಲಿನ ಮೇಲೆ ನೆನೆಹಾಕಿದ್ದ ಬಟ್ಟೆ ಹೇಗೆ ಕಾಣಲಿಲ್ಲ ಎಂದು ಕೇಳಿದಳು.

ಇದರಲ್ಲೆಲ್ಲ ಎಲ್ಲೋ ಒಂದು ತತ್ವ ಇರಬೇಕು. ಅದನ್ನು ಬರೆದಿಡೋಣವೆಂದು ಕುಳಿತಾಗ ಮುಧೋಳದಿಂದ ಷಡ್ಡಕನ ಫೋನ್ ಬಂತು. ಆಲಮಟ್ಟಿ ಹಿನ್ನೀರಿಗೆ, ಹೆರಕಲ್ಲಿನ ಹತ್ತಿರ ರಾಜಹಂಸಗಳು ಬಂದಿವೆ ಎಂದು ಪ್ರತಿ ವರ್ಷ ಫೋನ್ ಮಾಡುವವನು ಇವನೇ. ಮಾಡುವುದು ಅವು ಹೊರಟ ಮೇಲೆ. ಈ ಸಲ ಚಿಂಕಾರ. ‘ಯಡಹಳ್ಳಿಯ ಕಡೆ ಬೈಕಿನಲ್ಲಿ ಹೋದರೆ ಅಡ್ಡ ಬರುತ್ತವೆ, ಅಣ್ಣಾ. ಹಾರ್ನ್ ಹೊಡೆಯಬೇಕಾಗುತ್ತದೆ’ ಎಂದ. 2016ರಲ್ಲಿ ಅಲ್ಲಿ ಚಿಂಕಾರ ವನ್ಯಧಾಮ ಘೋಷಣೆಯಾಗಿದೆ, ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಗುಡ್ಡ. ನೀರಿಲ್ಲದೆ ಬಹಳ ಕಾಲ ಇರಬಲ್ಲ ಜಿಂಕೆಗೆ ತಕ್ಕ ಜಾಗ.

ನಾವಿಬ್ಬರೂ ಹೋದೆವು. ಷಡ್ಡಕನಿಗೆ ಮುಧೋಳ ನಾಯಿಯೊಂದಿದೆ, ಬೇಟೆಗೆ ಹೆಸರಾದ ತಳಿ. ಅದು ಮನೆಯಲ್ಲಿ ಫ್ಯಾನಿನ ಕೆಳಗಿಂದ ಏಳಲು ಒಪ್ಪಲಿಲ್ಲ. ವನ್ಯಧಾಮಕ್ಕೆ ನಾಯಿ ಒಯ್ಯುವ ಪ್ರಶ್ನೆಯೇ ಇರಲಿಲ್ಲ, ಆದರೂ ಅದರ ಉದಾಸೀನ ನನಗೆ ಹಿಡಿಸಲಿಲ್ಲ. ಏಪ್ರಿಲ್ ಬಿಸಿಲು. ಜಾಲಿಕಂಟಿಯ ನೆರಳಿನಲ್ಲಿ ಕುಳಿತೆವು. ಗಾಬರಿಯಾದರೆ ಚಿಂಕಾರ ಸೀನುತ್ತದೆ, ಆ ಸದ್ದಿಗೆ ಕಿವಿ ಕೊಟ್ಟಿರಬೇಕು ಎಂದು ಷಡ್ಡಕ ಪಿಸುಗುಟ್ಟಿದ. ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಮುಗಿಯಿತು. ನೀರೂ ಮುಗಿಯುತ್ತ ಬಂತು. ಆಗ ಗಿಡಗಳ ಹಿಂದೆ ಸ್ಪಷ್ಟವಾಗಿ ಒಂದು ಸೀನು. ಷಡ್ಡಕ ನನ್ನ ಮೊಣಕೈ ಹಿಡಿದ. ಇನ್ನೊಂದು ಸೀನು. ಕುರಿ ಕಾಯುವ ಹುಡುಗ ಮೂಗು ಒರೆಸಿಕೊಳ್ಳುತ್ತ ಹೊರಬಂದು, ನೀರು ಇದೆಯೇ ಎಂದು ಕೇಳಿದ. ಬಾಟಲಿ ಕೊಟ್ಟು, ಜಿಂಕೆ ನೋಡಿದೆಯಾ ಎಂದೆವು. ಬೆಳಿಗ್ಗೆ ಎರಡಿದ್ದವು ಎಂದು ಗದ್ದದಿಂದ ಗುಡ್ಡದ ಕಡೆ ತೋರಿಸಿ, ಉಳಿದ ನೀರನ್ನು ಕುಡಿದ.

ರಾತ್ರಿ ಊಟಕ್ಕೆ ಕುಳಿತಾಗ ನಾದಿನಿ ಕೇಳಿದಳು, ಕಂಡವೇ ಎಂದು. ಷಡ್ಡಕ ರೊಟ್ಟಿ ಮುರಿಯುತ್ತ ‘ಎರಡು’ ಎಂದ.

‘ಒಂದು ಮರಿಯೂ ಇತ್ತು’ ಎಂದೆ ನಾನು.